ಕುಣಿಯ ಅಂಚಿನಲ್ಲಿ ಹುಟ್ಟಿದ ವಿದ್ಯೆ

ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ಪಟ್ಟಣಗಳ ಸುತ್ತಣ ಹಳ್ಳಿಗಳಲ್ಲಿ, ಲಿಂಗಾಯತರ ಮನೆಯ ಹಿರಿಯರೊಬ್ಬರು ಕೊನೆಯುಸಿರನ್ನೆಳೆದಾಗ, ಒಳಗೆ ಎದ್ದ ಅಳುವಿನ ಮೊದಲ ಅಲೆ ಇನ್ನೂ ತಗ್ಗದಿರುವಾಗಲೇ, ಅಂಗಳದಲ್ಲಿ ನೆರೆದ ವೃದ್ಧರಲ್ಲಿ ಒಬ್ಬರು, “ಲಗೂ ಕೂಡಿಸ್ರಿ, ಸೆಟದ ಮ್ಯಾಲ ಕಾಲು ಮಡಚಲಾವು” ಎಂದು ಮನೆಯವರನ್ನು ಎಚ್ಚರಿಸುವುದುಂಟು. ಶೋಕದ ನಡುವೆ ಬಂದ ಈ ವ್ಯವಹಾರದ ಮಾತನ್ನು ಕೇಳಿದವರು ಆ ಕ್ಷಣವೇ ಮರೆತುಬಿಡುತ್ತಾರೆ. ಆದರೆ ಸಾವಧಾನವಾಗಿ ವಿಚಾರಿಸಿದರೆ ಅದರೊಳಗೆ ಒಂದು ಶಾಸ್ತ್ರದ ಮೊದಲ ಸೂತ್ರವೇ ಅಡಕವಾಗಿರುವುದು ಕಾಣುತ್ತದೆ: ಪ್ರಾಣವು ಹೋದ ಬಳಿಕ ದೇಹವು ಮೊದಲು ಸಡಿಲಾಗುತ್ತದೆ, ಅನಂತರ ಬಿಗಿಯುತ್ತದೆ, ಇವೆರಡರ ನಡುವೆ ಮನುಷ್ಯರ ಕೈಗೆ ದೊರೆಯುವ ಕಾಲವು ಕೆಲವೇ ಗಂಟೆಗಳದು, ಆ ಕಾಲವು ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಇನ್ನಷ್ಟು ಕಿರಿದಾಗುತ್ತದೆ.

ಈ ಮಾತು ನನ್ನ ನೆನಪಿಗೆ ಮರಳಿ ಬಂದುದಕ್ಕೆ ಕಾರಣ ನನ್ನ ಅಣ್ಣನ ಮಗಳು. ವೈದ್ಯಕೀಯದ ಸ್ನಾತಕೋತ್ತರ ವ್ಯಾಸಂಗಕ್ಕೆ ನ್ಯಾಯವೈದ್ಯಶಾಸ್ತ್ರವನ್ನು ತಾನಾಗಿ ಆರಿಸಿಕೊಂಡ ಆಕೆ, ಮೊದಲ ವರ್ಷವೇ ಒಪ್ಪಿಸಬೇಕಾದ ಸಿನಾಪ್ಸಿಸ್ಸಿನ ಚಿಂತೆಯನ್ನು ಹೊತ್ತು ಊರಿಗೆ ಬಂದಿದ್ದಳು. “ಕಾಕಾ, ಸತ್ತ ಮ್ಯಾಲ ದೇಹದಾಗ ಆಗೋ ಬದಲಾವಣಿ ಮ್ಯಾಲೇ ಥೀಸಿಸ್ ಮಾಡಬೇಕಂತೀನಿ. ಖರೆ, ಎಲ್ಲಿಂದ ಸುರು ಮಾಡ್ಲಿ?” ಎಂದು ಕೇಳಿದಳು. ನಾನು ವೈದ್ಯನಲ್ಲ, ಹಳೆಯ ಊರುಗಳ, ಹಳೆಯ ರೂಢಿಗಳ ಚರಿತ್ರೆಯಲ್ಲಿ ಆಸ್ಥೆಯುಳ್ಳವನು. ಆದುದರಿಂದ ನನಗೆ ತಿಳಿದ ದಾರಿಯಿಂದಲೇ ಉತ್ತರ ಕೊಡಬೇಕಾಯಿತು. ಆ ಉತ್ತರವು ಒಂದು ಸಂಜೆಯಲ್ಲಿ ಮುಗಿಯಲಿಲ್ಲ. ಅದನ್ನೇ ಇಲ್ಲಿ ಸ್ವಲ್ಪ ಕ್ರಮಪಡಿಸಿ ಬರೆದಿದ್ದೇನೆ.

ಮೊದಲು ಈ ನೆಲದ ಮಾತು. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೂ ಉಮರ್ಗಾ ತಾಲೂಕು ಉಸ್ಮಾನಾಬಾದ್ ಜಿಲ್ಲೆಗೂ ಸೇರಿದ್ದುವು. ರಾಜ್ಯಗಳು ಭಾಷೆಯ ಆಧಾರದಿಂದ ಪುನರ್ವಿಂಗಡಣೆಯಾದಾಗ ಬೀದರ, ಭಾಲ್ಕಿ, ಹುಮನಾಬಾದ್, ಔರಾದ್‌ಗಳು ಮೈಸೂರಿಗೆ ಬಂದುವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದುವು. 1982ರಲ್ಲಿ ಲಾತೂರು ಪ್ರತ್ಯೇಕ ಜಿಲ್ಲೆಯಾದಾಗ ಆ ಮೂರೂ ಅದರ ಪಾಲಾದುವು. ಗಡಿಯ ಗೆರೆಯು ನಕ್ಷೆಯ ಮೇಲೆ ಬಿದ್ದರೂ ಬೀಗತನವು ಅದನ್ನು ಲಕ್ಷಿಸಲಿಲ್ಲ. ಉಮರ್ಗಾದ ಮನೆಯಲ್ಲಿ ಸಾವಾದರೆ ಬಸವಕಲ್ಯಾಣದಿಂದಲೂ ಆಳಂದದಿಂದಲೂ ಜನರು ಮಣ್ಣಿಗೆ ಬರುತ್ತಾರೆ. ಅಂಗಳದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಭಾಷೆಗಳಲ್ಲಿ ಸಮಾಧಾನದ ಮಾತು ನಡೆಯುತ್ತದೆ. ಸಾವಿಗೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎಂದೇ ಹೇಳುವ ಈ ಜನರ ನುಡಿಯಲ್ಲಿ ಆ ಮಣ್ಣು ಎರೆಮಣ್ಣು. ದಖನ್ನಿನ ಕರಿಗಲ್ಲು ಯುಗಯುಗಗಳಿಂದ ಸವೆದು ಆದದ್ದು. ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಟ್ಟುಕೊಂಡು, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯತಕ್ಕದ್ದು. ಮೃತದೇಹದ ಪರಿವರ್ತನೆಯನ್ನು ಅಭ್ಯಾಸಮಾಡುವವರಿಗೆ ಮಣ್ಣಿನ ಈ ಸ್ವಭಾವವು ಬರಿಯ ಭೂಗೋಳದ ವಿಷಯವಾಗಿ ಉಳಿಯುವುದಿಲ್ಲ.

ಲಿಂಗಾಯತರಲ್ಲಿ ದೇಹವನ್ನು ಮಲಗಿಸಿ ಹೂಳುವ ವಾಡಿಕೆಯಿಲ್ಲ. ಕುಳಿತ ಭಂಗಿಯಲ್ಲಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಸಮಾಧಿ ಮಾಡುತ್ತಾರೆ. ಪ್ರಾಣ ಹೋದೊಡನೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲುಗಳನ್ನು ಮಡಿಸಿ, ಬೆನ್ನನ್ನು ಗೋಡೆಗೆ ಆನಿಸಿ, ತಲೆ ಬಾಗದಂತೆ ಬಟ್ಟೆಯಿಂದ ಬಿಗಿದು ಕೂಡಿಸುವರು. ಹೀಗೆ ಕೂಡಿಸಿದ ದೇಹವು ಕೆಲವು ಗಂಟೆಗಳಲ್ಲಿ ಆ ಭಂಗಿಯನ್ನೇ ತನ್ನದಾಗಿ ಮಾಡಿಕೊಳ್ಳುತ್ತದೆ. ವಿಮಾನವೆಂಬ ಅಲಂಕರಿಸಿದ ಚಟ್ಟದಲ್ಲಿ ಊರೆಲ್ಲ ಮೆರೆಸಿದರೂ ಕುಸಿಯುವುದಿಲ್ಲ. ಕುಣಿಯನ್ನು ಮೃತರ ಪಾದವನ್ನೇ ಮಾನವನ್ನಾಗಿಟ್ಟುಕೊಂಡು ಅಳೆದು ತೋಡುವ ಪದ್ಧತಿಯನ್ನು ಹಿಂದಿನ ಶತಮಾನದ ಆರಂಭದಲ್ಲಿ ಬರೆದ ಜನಾಂಗವಿವರಣೆಗಳು ದಾಖಲಿಸಿವೆ. ಕುಣಿಯ ಒಂದು ಪಕ್ಕಕ್ಕೆ ಗೂಡನ್ನು ಕೊರೆದು, ಅದರಲ್ಲಿ ದೇಹವನ್ನು ಕೂಡಿಸಿ, ಬಿಲ್ವಪತ್ರೆಯನ್ನೂ ವಿಭೂತಿಯನ್ನೂ ತುಂಬಿ, ಜಂಗಮರು ವಿಧಿಯನ್ನು ಪೂರೈಸಿದ ಮೇಲೆ ಮಣ್ಣು ಕೊಡುತ್ತಾರೆ. ಲಿಂಗೈಕ್ಯವೆಂಬ ಪರಿಕಲ್ಪನೆಯ ಅಧ್ಯಾತ್ಮವನ್ನು ವಿವರಿಸುವ ಅಧಿಕಾರ ನನ್ನದಲ್ಲ. ಆದರೆ ಆ ಅಧ್ಯಾತ್ಮವನ್ನು ಆಚರಣೆಗೆ ತರುವ ಕೈಗಳಿಗೆ ದೇಹದ ಕಾಠಿನ್ಯವು ಎಷ್ಟು ಹೊತ್ತಿಗೆ ಬರುತ್ತದೆ, ದವಡೆಯಲ್ಲಿ ಮೊದಲೋ ಮೊಳಕಾಲಿನಲ್ಲಿ ಮೊದಲೋ, ಚಳಿಗಾಲದ ಇರುಳಿಗೂ ಬೇಸಿಗೆಯ ಹಗಲಿಗೂ ಏನು ವ್ಯತ್ಯಾಸವೆಂಬುದು ತಿಳಿದೇ ಇರಬೇಕು. ತಿಳಿಯದಿದ್ದರೆ ಆ ವಿಧಿಯೇ ನಡೆಯಲಾರದು.

ಅದೇ ಓಣಿಯ ಮುಸಲ್ಮಾನರ ಮನೆಯಲ್ಲಿಯೂ ಇದೇ ಅರಿವು ಬೇರೊಂದು ವಿಧಿಯ ರೂಪವನ್ನು ತಾಳಿದೆ. ಕಣ್ಣು ಮುಚ್ಚಿಸುವುದು, ದವಡೆಯನ್ನು ಬಟ್ಟೆಯಿಂದ ಕಟ್ಟುವುದು, ಸಂದುಗಳು ಬಿಗಿಯುವ ಮೊದಲೇ ಕೈಕಾಲುಗಳನ್ನು ಮೆಲ್ಲನೆ ಮಡಿಸಿ ಬಿಡಿಸಿ ಮೃದುಗೊಳಿಸುವುದು, ಹೊಟ್ಟೆ ಉಬ್ಬದಿರಲೆಂದು ಅದರ ಮೇಲೆ ಭಾರವಾದ ವಸ್ತುವನ್ನಿಡುವುದು, ಗುಸ್ಲ್ ಎಂಬ ಸ್ನಾನವನ್ನೂ ದಫನ್ ಎಂಬ ಹೂಳುವಿಕೆಯನ್ನೂ ತಡಮಾಡದಿರುವುದು ಇವೆಲ್ಲವೂ ಇಸ್ಲಾಮಿನ ಧರ್ಮಶಾಸ್ತ್ರಗ್ರಂಥಗಳಲ್ಲಿ ಬಹು ಹಿಂದೆಯೇ ಬರೆಯಲ್ಪಟ್ಟಿವೆ. ಸುಡುವ ಪದ್ಧತಿಯುಳ್ಳ ಮರಾಠರ ಮನೆಗಳಲ್ಲಿ ಎರಡೂ ಕಾಲಿನ ಹೆಬ್ಬೆರಳುಗಳನ್ನು ಕೂಡಿಸಿ ಕಟ್ಟಿ, ಮೂಗಿಗೆ ಹತ್ತಿಯನ್ನಿಡುತ್ತಾರೆ. ಸಂನ್ಯಾಸಿಗಳ ಸಮಾಧಿಯಲ್ಲಿ ದೇಹದ ಸುತ್ತ ಉಪ್ಪನ್ನು ತುಂಬುವ ಪದ್ಧತಿಯು ದೇಶದಲ್ಲೆಲ್ಲಾ ಉಂಟು. ಉಪ್ಪು ನೀರನ್ನು ಹೀರಿ ಕೊಳೆಯುವಿಕೆಯನ್ನು ತಡೆಯುತ್ತದೆಂಬುದನ್ನು ಉಪ್ಪಿನಕಾಯಿಯ ಭರಣಿಯನ್ನು ಕಂಡವರಿಗೆ ಹೇಳಿಕೊಡಬೇಕಾಗಿಲ್ಲ. ಉದಗೀರದ ಕೋಟೆಯೊಳಗೇ ಒಬ್ಬ ಸತ್ಪುರುಷರ ಸಮಾಧಿಯಿದೆ. ಊರಿನ ಹೆಸರು ಅವರಿಂದಲೇ ಬಂದುದೆಂದು ಅಲ್ಲಿಯ ಜನರ ನಂಬುಗೆ.

ಇಷ್ಟನ್ನು ಹೇಳಿ, ಕುಣಿ ತೋಡಿದವರನ್ನು ಹೇಳದೆ ಮುಂದಕ್ಕೆ ಹೋದರೆ ಅಪಚಾರವಾಗುತ್ತದೆ. ಸಾವಿನ ಸುದ್ದಿಯನ್ನು ಊರಿಂದೂರಿಗೆ ಒಯ್ಯುವುದು, ಕಟ್ಟಿಗೆಯನ್ನು ಒದಗಿಸುವುದು, ಸತ್ತ ದನಗಳನ್ನು ಎಳೆದೊಯ್ದು ತೊಗಲು ಸುಲಿಯುವುದು ಮುಂತಾದ ಕಾರ್ಯಗಳನ್ನು ಮರಾಠವಾಡೆಯ ಗ್ರಾಮವ್ಯವಸ್ಥೆಯು ದಲಿತ ಸಮುದಾಯಗಳ ಮೇಲೆ ಶತಮಾನಗಳ ಕಾಲ ಹೊರಿಸಿತ್ತು. ಯಾವ ಹೊತ್ತಿನೊಳಗೆ ತೊಗಲನ್ನು ತೆಗೆಯದಿದ್ದರೆ ಕೂದಲು ಉದುರುತ್ತದೆ, ಹೊಟ್ಟೆಯ ಯಾವ ಭಾಗವು ಮೊದಲು ಬಣ್ಣಗೆಡುತ್ತದೆ, ಯಾವ ಋತುವಿನಲ್ಲಿ ನೊಣವು ಎಷ್ಟು ಬೇಗ ಮುತ್ತುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಇಂದಿಗೂ ನಮ್ಮ ದೇಶದ ಅನೇಕ ಆಸ್ಪತ್ರೆಗಳ ಶವಾಗಾರಗಳಲ್ಲಿ ದೇಹವನ್ನು ತೆರೆಯುವ ಕೈಯು ಕೆಳದರ್ಜೆಯ ನೌಕರನದು, ವರದಿಗೆ ಸಹಿ ಮಾಡುವ ಕೈಯು ವೈದ್ಯನದು. ಜ್ಞಾನವನ್ನು ಹೊತ್ತವರನ್ನು ಅಸ್ಪೃಶ್ಯರೆಂದು ಹೊರಗಿಟ್ಟ ಸಮಾಜವು ತನ್ನ ಒಂದು ಶಾಸ್ತ್ರವನ್ನೇ ಬರವಣಿಗೆಯಿಂದ ಹೊರಗಿಟ್ಟುಕೊಂಡಿತು. ಮೃತದೇಹದ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಈ ಋಣವನ್ನು ಮೊದಲ ಪುಟದಲ್ಲಿಯೇ ಒಪ್ಪಿಕೊಳ್ಳಬೇಕು.

ಬರೆದಿಟ್ಟ ಚರಿತ್ರೆಯೂ ಅಲ್ಪವಾದುದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಶರೀರದ ರಚನೆಯನ್ನು ಕಣ್ಣಾರೆ ಕಾಣಬಯಸುವ ಶಿಷ್ಯನಿಗೆ ಹೇಳಿರುವ ವಿಧಾನವನ್ನು ನೋಡಬೇಕು. ವಿಷದಿಂದಲಾಗಲಿ ದೀರ್ಘರೋಗದಿಂದಲಾಗಲಿ ಸಾಯದ, ಸರ್ವಾಂಗಗಳೂ ಪೂರ್ಣವಾಗಿರುವ, ಅತಿವೃದ್ಧನಲ್ಲದವನ ದೇಹವನ್ನು ಆರಿಸಿ, ಮಲವನ್ನು ತೆಗೆದು, ಮುಂಜ ದರ್ಭೆ ಮುಂತಾದವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನದಿಯ ಏಕಾಂತ ಸ್ಥಳದಲ್ಲಿ ಮುಳುಗಿಸಬೇಕು. ಏಳು ರಾತ್ರಿಗಳಲ್ಲಿ ಚೆನ್ನಾಗಿ ಕೊಳೆತ ಮೇಲೆ ಹೊರತೆಗೆದು, ಲಾವಂಚ, ಕೂದಲು, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲ್ಗೊಂಡು ಒಳಗಿನ ಒಂದೊಂದು ಅಂಗವನ್ನೂ ಕಣ್ಣಿನಿಂದ ಗುರುತಿಸಬೇಕು. ಇಲ್ಲಿ ಕೊಳೆಯುವಿಕೆಯೇ ಶಸ್ತ್ರದ ಸ್ಥಾನವನ್ನು ವಹಿಸಿದೆ. ಹರಿಯುವ ನೀರಿನಲ್ಲಿ ಏಳು ರಾತ್ರಿಯೆಂಬ ಗಣನೆಯು, ಯಾರೋ ಒಬ್ಬರು ಐದು ರಾತ್ರಿಗೂ ಹತ್ತು ರಾತ್ರಿಗೂ ಪಂಜರವನ್ನು ಎತ್ತಿ ನೋಡಿದ್ದರೆಂಬುದನ್ನು ಹೇಳದೆಯೇ ಹೇಳುತ್ತದೆ.

ಬೌದ್ಧರು ಇದೇ ಪರಿವರ್ತನೆಯನ್ನು ವೈರಾಗ್ಯಕ್ಕಾಗಿ ಕಂಡರು. ಐದನೆಯ ಶತಮಾನದ ಬುದ್ಧಘೋಷನು ವಿಶುದ್ಧಿಮಾರ್ಗದಲ್ಲಿ, ಉಬ್ಬಿದ ದೇಹದಿಂದ ಮೊದಲುಮಾಡಿ ನೀಲಿಗಟ್ಟಿದ, ಕೀವೊಸರುವ, ಪ್ರಾಣಿಗಳು ತಿಂದ, ಹುಳು ತುಂಬಿದ ದೇಹಗಳನ್ನು ಹಾದು ಕೊನೆಗೆ ಎಲುಬಿನವರೆಗೆ ಹತ್ತು ಬಗೆಯ ಅಶುಭಗಳನ್ನು ಧ್ಯಾನಕ್ಕೆ ವಿಷಯಗಳನ್ನಾಗಿ ಹೇಳಿದ್ದಾನೆ. ಆದರೆ ಅಣ್ಣನ ಮಗಳ ವಿದ್ಯೆಗೆ ಅತಿ ನಿಕಟವಾದ ಪೂರ್ವಜನು ಕೌಟಿಲ್ಯನು. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ‘ಆಶುಮೃತಕ ಪರೀಕ್ಷೆ’ ಎಂಬ ಪ್ರಕರಣವೇ ಇದೆ. ಹಠಾತ್ತಾಗಿ ಸತ್ತವನ ದೇಹಕ್ಕೆ ಎಣ್ಣೆಯನ್ನು ಸವರಿ ಪರೀಕ್ಷಿಸಬೇಕೆಂದೂ, ಕಣ್ಣು ತೆರೆದು ಕೈಕಾಲುಗಳು ಬಾತು ಕೊರಳಲ್ಲಿ ಗುರುತಿದ್ದರೆ ಉಸಿರುಕಟ್ಟಿಸಿ ಕೊಂದುದೆಂದೂ, ನಾಲಗೆ ಕಚ್ಚಿ ಹೊಟ್ಟೆ ಉಬ್ಬಿದ್ದರೆ ನೀರಿನಲ್ಲಿ ಸತ್ತುದೆಂದೂ, ಕೈಕಾಲು ಹಲ್ಲು ಉಗುರುಗಳು ಕಪ್ಪಾಗಿ ಬಾಯಲ್ಲಿ ನೊರೆಯಿದ್ದರೆ ವಿಷವೆಂದೂ ತಿಳಿಯಬೇಕೆಂದು ಅಲ್ಲಿ ವಿಧಿಸಿದೆ. ಹಲವು ಶತಮಾನ ಕಣ್ಮರೆಯಾಗಿದ್ದ ಈ ಗ್ರಂಥವು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಯಿತು. ಕನ್ನಡದಲ್ಲಿಯೇ ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯದ ಗ್ರಂಥವನ್ನು ಪದ್ಯದಲ್ಲಿ ರಚಿಸಿದ್ದಾನೆ. ವೈದ್ಯವಿಷಯವನ್ನು ನಮ್ಮ ನುಡಿಯು ಹೊರಲಾರದೆಂದು ಅಳುಕುವ ವಿದ್ಯಾರ್ಥಿಗಳು ಆ ಗ್ರಂಥವನ್ನೊಮ್ಮೆ ಬಿಚ್ಚಿ ನೋಡಬೇಕು.

ದೇಹವನ್ನು ಗುರುತಿಸುವುದು ಎಷ್ಟು ಮಹತ್ತ್ವದ ಕಾರ್ಯವೆಂಬುದಕ್ಕೆ ಉದಗೀರದ ಚರಿತ್ರೆಯೊಂದಿಗೇ ಹೆಣೆದುಕೊಂಡ ಒಂದು ಪ್ರಸಂಗವುಂಟು. 1760ರ ಫೆಬ್ರವರಿಯಲ್ಲಿ ಉದಗೀರದ ಬಳಿ ನಿಜಾಮನ ಸೈನ್ಯವನ್ನು ಸೋಲಿಸಿ, ಮರಾಠರ ಕೀರ್ತಿಯನ್ನು ಶಿಖರಕ್ಕೇರಿಸಿದವನು ಸದಾಶಿವರಾವ್ ಭಾವು. ಆ ಗೆಲವಿನಿಂದಲೇ ಅವನಿಗೆ ಉತ್ತರದ ದಂಡಯಾತ್ರೆಯ ನಾಯಕತ್ವವು ದೊರೆಯಿತು. ಒಂದು ವರ್ಷ ತುಂಬುವುದರೊಳಗೆ, 1761ರ ಜನವರಿ 14ರಂದು, ಪಾಣಿಪತ್ತಿನ ರಣದಲ್ಲಿ ಅವನು ಬಿದ್ದನು. ಹೆಣಗಳ ರಾಶಿಯಲ್ಲಿ ತಲೆಯಿಲ್ಲದ ದೇಹವೊಂದು ಸಿಕ್ಕಿತು. ಅದರ ಮೇಲಿದ್ದ ಹಳೆಯ ಗಾಯದ ಗುರುತು ಮೊದಲಾದ ಲಕ್ಷಣಗಳನ್ನು ನೋಡಿ, ಅವನನ್ನು ಬಲ್ಲವರು ಅವನದೇ ಎಂದು ನಿರ್ಣಯಿಸಿದರೆಂದು, ಅವಧದ ನವಾಬನ ಸೇವೆಯಲ್ಲಿದ್ದ ಕಾಶೀರಾಜ ಪಂಡಿತನು ಬರೆದಿದ್ದಾನೆ. ಆದರೆ ಆ ನಿರ್ಣಯವು ಪುಣೆಯನ್ನು ಒಪ್ಪಿಸಲಿಲ್ಲ. ಅವನ ಪತ್ನಿ ಪಾರ್ವತೀಬಾಯಿಯು ತನ್ನ ಪತಿ ಬದುಕಿದ್ದಾನೆಂಬ ನಂಬುಗೆಯಿಂದ ಮುತ್ತೈದೆಯಾಗಿಯೇ ಉಳಿದು 1783ರಲ್ಲಿ ತೀರಿಕೊಂಡಳು. ತಾನೇ ಸದಾಶಿವರಾಯನೆಂದು ಹೇಳಿಕೊಂಡ ಒಬ್ಬನು ದಂಡು ಕೂಡಿಸಿ ಕೋಟೆಗಳನ್ನು ಹಿಡಿದು, ಕೊನೆಗೆ 1776ರಲ್ಲಿ ಮರಣದಂಡನೆಗೆ ಗುರಿಯಾದನು. ಒಂದು ದೇಹದ ವಿಷಯದಲ್ಲಿ ನಿಶ್ಚಯವಿಲ್ಲದಿದ್ದುದರಿಂದ ಒಂದು ರಾಜ್ಯವು ಹದಿನೈದು ವರ್ಷ ತಳಮಳಿಸಿತು, ಒಬ್ಬ ಹೆಣ್ಣುಮಗಳು ಇಪ್ಪತ್ತೆರಡು ವರ್ಷ ಬಾಗಿಲನ್ನು ನೋಡುತ್ತ ಕುಳಿತಳು. ಶವಪರೀಕ್ಷೆಯ ಮೇಜಿನ ಮುಂದೆ ನಿಲ್ಲುವ ವೈದ್ಯರು ಬರೆಯುವ ಎರಡು ಸಾಲುಗಳಿಗೆ ಕಾಯುವವರು ಹೊರಗೆ ಯಾವಾಗಲೂ ಇರುತ್ತಾರೆ.

ಹೊಸಗಾಲದ ವಿಜ್ಞಾನವು ಈ ಅರಿವಿಗೆ ಗಡಿಯಾರವನ್ನೂ ಉಷ್ಣಮಾಪಕವನ್ನೂ ತಂದಿತು. ಫ್ರಾನ್ಸಿನ ನಿಸ್ತೆನ್ ಎಂಬ ವೈದ್ಯನು 1811ರಲ್ಲಿ, ದೇಹದ ಬಿಗಿತವು ದವಡೆಯಿಂದ ಮೊದಲಾಗಿ ಕೆಳಕ್ಕೆ ಇಳಿಯುತ್ತದೆಂಬ ನಿಯಮವನ್ನು ಬರೆದನು. ಸ್ನಾಯುಗಳ ಇಂಧನವಾದ ಎ.ಟಿ.ಪಿ. ಬರಿದಾಗಿ ತಂತುಗಳು ಒಂದರೊಡನೊಂದು ಸಿಕ್ಕಿಬೀಳುವುದೇ ಅದಕ್ಕೆ ಕಾರಣವೆಂಬುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ತಿಳಿಯಿತು. ಜಾನ್ ಡೇವಿ ಎಂಬ ವೈದ್ಯನು ಮೃತದೇಹಗಳ ಉಷ್ಣತೆಯನ್ನು ಅಳೆದು 1839ರಲ್ಲಿ ಪ್ರಕಟಿಸಿದನು. ಪ್ಯಾರಿಸ್ಸಿನ ಹಳೆಯ ಸ್ಮಶಾನವೊಂದನ್ನು ತೆರವು ಮಾಡಿದಾಗ, ತೇವದಲ್ಲಿ ಹೂಳಿದ ದೇಹಗಳ ಕೊಬ್ಬು ಮೇಣದಂತೆ ಗಟ್ಟಿಯಾಗಿರುವುದನ್ನು ಫೂರ್ಕ್ರ್ವಾ ಎಂಬ ರಸಾಯನಶಾಸ್ತ್ರಜ್ಞನು ಕಂಡು ಅದಕ್ಕೆ ಹೆಸರಿಟ್ಟನು. ಮೆಗ್ನೆನ್ ಎಂಬ ವಿಜ್ಞಾನಿಯು 1894ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೇಹಕ್ಕೆ ಒಂದರ ಹಿಂದೊಂದಾಗಿ ಬರುವ ಕೀಟಗಳ ಸರದಿಯಿಂದ ಕಾಲವನ್ನು ಎಣಿಸಬಹುದೆಂದು ತೋರಿಸಿದನು. ಆದರೆ ಇದಕ್ಕೂ ಆರು ಶತಮಾನಗಳ ಹಿಂದೆ, 1247ರಲ್ಲಿಯೇ, ಚೀನದ ಸೊಂಗ್ ತ್ಸು ಎಂಬ ನ್ಯಾಯಾಧಿಕಾರಿಯ ಗ್ರಂಥದಲ್ಲಿ, ತೊಳೆದಿಟ್ಟ ಕುಡಗೋಲುಗಳಲ್ಲಿ ಕೊಲೆಗಾರನದರ ಮೇಲೆ ಮಾತ್ರ ನೊಣಗಳು ಬಂದು ಕುಳಿತ ಪ್ರಸಂಗವು ದಾಖಲಾಗಿತ್ತು.

ಭಾರತದಲ್ಲಿ 1836ರಲ್ಲಿ ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನಕ್ಕೆ ಕೈಯಿಟ್ಟ ದಿನದಿಂದ ಹೊಸ ಅಧ್ಯಾಯವು ಆರಂಭವಾಯಿತು. ನಮ್ಮ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನಲ್ಲಿ 1846ರಲ್ಲಿ ಸ್ಥಾಪಿತವಾದ ವೈದ್ಯಶಾಲೆಯು ಮೊದಮೊದಲು ಉರ್ದುವಿನಲ್ಲಿಯೇ ಪಾಠ ಹೇಳಿತು. ಮುಂದೆ 1856ರಲ್ಲಿ ನಾರ್ಮನ್ ಚೀವರ್ಸ್ ಬಂಗಾಳದಲ್ಲಿ, 1920ರಲ್ಲಿ ಜೈಸಿಂಗ್ ಮೋದಿಯವರು ಉತ್ತರ ಹಿಂದುಸ್ಥಾನದಲ್ಲಿ ಬರೆದ ಗ್ರಂಥಗಳು ಒಂದು ಮಹತ್ತ್ವದ ಸಂಗತಿಯನ್ನು ಸ್ಥಾಪಿಸಿದುವು: ಶೀತದೇಶಗಳಲ್ಲಿ ತಯಾರಾದ ಕೋಷ್ಟಕಗಳು ಉಷ್ಣದೇಶದ ದೇಹಗಳಿಗೆ ಒಪ್ಪುವುದಿಲ್ಲ. ಬಲಗಡೆಯ ಕಿಬ್ಬೊಟ್ಟೆಯ ಮೇಲೆ ಮೂಡುವ ಹಸುರು ಕಲೆಯು, ಅಂದರೆ ಕೊಳೆಯುವಿಕೆಯ ಮೊದಲ ಹೊರಗುರುತು, ನಮ್ಮ ಬೇಸಿಗೆಯಲ್ಲಿ 12ರಿಂದ 18 ಗಂಟೆಗಳಲ್ಲಿ ಕಾಣುತ್ತದೆ. ಚಳಿಗಾಲದಲ್ಲಿ ಒಂದೆರಡು ದಿನಗಳು ಬೇಕು. ಬಿಗಿತವು ಬೇಸಿಗೆಯಲ್ಲಿ 18ರಿಂದ 36, ಚಳಿಗಾಲದಲ್ಲಿ 24ರಿಂದ 48 ಗಂಟೆಗಳ ವರೆಗೆ ನಿಲ್ಲುತ್ತದೆ. ಇನ್ನು ದೇಹವು ತಣ್ಣಗಾಗುವ ವೇಗದಿಂದ ಸಾವಿನ ಹೊತ್ತನ್ನು ಎಣಿಸುವ ಪ್ರಸಿದ್ಧ ವಿಧಾನವನ್ನೇ ತೆಗೆದುಕೊಳ್ಳಿರಿ. ಮೇ ತಿಂಗಳ ಮಧ್ಯಾಹ್ನದಲ್ಲಿ ಲಾತೂರು, ಉದಗೀರಗಳ ಗಾಳಿಯು 40 ಡಿಗ್ರಿಗೂ ಮೇಲಕ್ಕೇರಿರುವಾಗ, 37 ಡಿಗ್ರಿಯ ದೇಹವು ತಣಿಯುವುದಾದರೂ ಎತ್ತ? ಅಲ್ಲಿ ಆ ಸೂತ್ರವು ಮೌನವಾಗುತ್ತದೆ; ಪಂಚನಾಮೆಯ ಕಾಗದದ ಮೇಲೆ ಬರೆದ ಗಂಟೆಯು ತಪ್ಪಾದರೆ ನಿರಪರಾಧಿಯು ಸೆರೆಮನೆ ಸೇರಬಹುದು, ಅಪರಾಧಿಯು ಮನೆಗೆ ಹೋಗಬಹುದು.

ಈ ನೆಲದ ಮೇಲೆ ಈ ವಿದ್ಯೆಯು ಮಹಾಪರೀಕ್ಷೆಗೆ ಗುರಿಯಾದುದು 1993ರ ಸೆಪ್ಟೆಂಬರ್ 30ರಂದು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳುಹಿಸಿ ದಣಿದ ಜನರು ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯ ಕೆಳಗಿನ ನೆಲವು ಬಿರಿಯಿತು. ಕಂಪನದ ಪ್ರಮಾಣವು 6.2ರಷ್ಟು. ಬೇಸಿಗೆಯ ಬೇಗೆಯನ್ನು ತಡೆಯಲೆಂದು ಗುಂಡುಗಲ್ಲು ಮತ್ತು ಕೆಸರಿನಿಂದ ಕಟ್ಟಿದ ದಪ್ಪ ಗೋಡೆಗಳು, ವರ್ಷವರ್ಷವೂ ಮಣ್ಣು ಹಾಕಿ ಭಾರವಾದ ಮಾಳಿಗೆಗಳು, ಒಳಗಿದ್ದವರ ಮೇಲೆಯೇ ಕುಸಿದುವು. ಔಸಾ ತಾಲೂಕಿನ ಕಿಲ್ಲಾರಿಯೂ, ಇಂದು ಲೋಹಾರಾ ತಾಲೂಕಿಗೆ ಸೇರಿರುವ, ಅಂದು ಉಮರ್ಗಾ ತಾಲೂಕಿನದೇ ಆಗಿದ್ದ ಸಾಸ್ತೂರೂ ಕಲ್ಲಿನ ರಾಶಿಗಳಾದುವು. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಹೋಯಿತು. ಅದರ ಬೆನ್ನಿಗೇ ಮಳೆ ಹಿಡಿಯಿತು. ಕಲ್ಲಿನಡಿಯಿಂದ ದೇಹಗಳನ್ನು ತೆಗೆಯುವ ಸೈನಿಕರೂ ಸ್ವಯಂಸೇವಕರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಡಿದರು. ಒದ್ದೆ ಕಟ್ಟಿಗೆಗೆ ಸೀಮೆಎಣ್ಣೆ ಸುರಿದು ಸಾಮೂಹಿಕ ಚಿತೆಗಳನ್ನು ಹೊತ್ತಿಸಿದರು. ಕುಣಿಯನ್ನು ಪಾದದಿಂದ ಅಳೆದು, ಒಬ್ಬೊಬ್ಬರನ್ನೇ ಕೂಡಿಸಿ, ಕೈಯಲ್ಲಿ ಲಿಂಗವನ್ನಿಟ್ಟು ಕಳುಹಿಸುವ ಕಾಲವಲ್ಲ ಅದು. ಬಳಿಕ ಐವತ್ತೆರಡು ಗ್ರಾಮಗಳನ್ನು ಹೊಸ ಸ್ಥಳಗಳಲ್ಲಿ ಕಟ್ಟಿಕೊಟ್ಟರು. ಮನೆಗಳು ಬಂದುವು, ಆದರೆ ತಮ್ಮವರಿಗೆ ತಮ್ಮ ಕೈಯಿಂದ ಮಣ್ಣು ಕೊಡಲಾಗಲಿಲ್ಲವೆಂಬ ಕೊರಗು ಆ ಸೀಮೆಯ ಹಿರಿಯರ ಮಾತಿನಲ್ಲಿ ಇನ್ನೂ ಉಳಿದಿದೆ. ದೇಹದ ಪರಿವರ್ತನೆಯು ಯಾರ ಶೋಕಕ್ಕೂ ಕಾಯುವುದಿಲ್ಲ; ಅದನ್ನು ಬಲ್ಲವರು ಆ ಅಲ್ಪ ಕಾಲದಲ್ಲಿ ಗುರುತನ್ನೂ ಗೌರವವನ್ನೂ ಎಷ್ಟು ಉಳಿಸಬಲ್ಲರೋ ಅಷ್ಟೇ ಉಳಿಯುತ್ತದೆ.

ಈ ಎಲ್ಲವನ್ನೂ ಕೇಳಿದ ಹುಡುಗಿಯು, “ಅಂದ್ರ ಕಾಕಾ, ನಾ ಯಾವ ವಿಷಯ ತಗೋಬೇಕು?” ಎಂದು ಪುನಃ ಅಲ್ಲಿಗೇ ಬಂದಳು. ಆಕೆ ಬರೆದು ತಂದಿದ್ದ ಪಟ್ಟಿಯನ್ನು ನೋಡಿದೆವು. ಕಣ್ಣಿನೊಳಗಿನ ದ್ರವದಲ್ಲಿ ಪೊಟ್ಯಾಸಿಯಮ್ ಏರುವ ಪ್ರಮಾಣದಿಂದ ಸಾವಿನ ಹೊತ್ತನ್ನು ಎಣಿಸುವುದು ಒಂದು. 1963ರಲ್ಲಿ ಸ್ಟರ್ನರ್ ಇದಕ್ಕೆ ಸೂತ್ರವನ್ನು ಕೊಟ್ಟ ಮೇಲೆ ನೂರಾರು ಮಂದಿ ಅದನ್ನು ಪರೀಕ್ಷಿಸಿದ್ದಾರೆ. ನಮ್ಮ ಸೀಮೆಯ ದೇಹಗಳಿಗೆ ಋತುಋತುವಿನಲ್ಲಿ ಬರುವ ನೊಣಗಳನ್ನು ಗುರುತಿಸುವುದು ಇನ್ನೊಂದು. ಕ್ರೈಸೋಮಿಯಾ ಜಾತಿಯ ಲೋಹವರ್ಣದ ನೊಣಗಳು ಭಾರತದಲ್ಲೆಲ್ಲಾ ಇವೆ, ಆದರೆ ಅವುಗಳ ಬೆಳವಣಿಗೆಯ ವೇಗವು ಆಯಾ ಊರಿನ ಬಿಸಿಲನ್ನು ಅವಲಂಬಿಸುತ್ತದೆ. ಎರೆಮಣ್ಣಿನಲ್ಲಿ ಕುಳಿತ ಭಂಗಿಯಲ್ಲಿ ಹೂಳಿದ ದೇಹಗಳ ಗತಿಯು ಮೂರನೆಯದು. ಕುತೂಹಲವು ದೊಡ್ಡದು, ಆದರೆ ಸಮಾಧಿಯನ್ನು ಕುತೂಹಲಕ್ಕಾಗಿ ತೆರೆಯತಕ್ಕದ್ದಲ್ಲ. ಅದನ್ನು ಆಕೆಯೇ ಗೆರೆಯೆಳೆದು ಹೊಡೆದುಹಾಕಿದಳು.

ನಾನು ಹೇಳಿದ್ದು ಇಷ್ಟೆ. ವಿಷಯವು ಚಿಕ್ಕದಾಗಿರಲಿ, ಆದರೆ ಈ ನೆಲದ್ದಾಗಿರಲಿ. ಮೂರು ವರ್ಷದ ವ್ಯಾಸಂಗದಲ್ಲಿ ಅಳೆದು ಮುಗಿಸಬಲ್ಲದ್ದಾಗಿರಲಿ. ಅದರ ಉತ್ತರದಿಂದ ಯಾವನೋ ಒಬ್ಬ ಪಂಚನಾಮೆ ಬರೆಯುವ ಅಧಿಕಾರಿಗೋ ನ್ಯಾಯಾಲಯದಲ್ಲಿ ನಿಂತ ಸಾಕ್ಷಿಗೋ ಸಹಾಯವಾಗಲಿ. ಎಲ್ಲಕ್ಕಿಂತ ಮೇಲಾಗಿ, ಪಡೆಯುವ ಜ್ಞಾನವು ಒಪ್ಪಿಗೆಯಿಂದ ಪಡೆದುದಾಗಿರಲಿ. 1949ರ ಮುಂಬಯಿಯ ಕಾಯಿದೆಯೂ 1957ರ ಮೈಸೂರಿನ ಕಾಯಿದೆಯೂ ವಾರಸುದಾರರಿಲ್ಲದ ದೇಹಗಳನ್ನು ವೈದ್ಯಶಾಲೆಗಳಿಗೆ ಒಪ್ಪಿಸುವ ದಾರಿಯನ್ನು ಮಾಡಿಕೊಟ್ಟುವು. ಬಹುಕಾಲ ನಮ್ಮ ವೈದ್ಯವಿದ್ಯೆಯು ದಿಕ್ಕಿಲ್ಲದ ಬಡವರ ದೇಹಗಳ ಮೇಲೆಯೇ ಬೆಳೆಯಿತು. ಅದಕ್ಕೆ ಪ್ರತಿಯಾಗಿ, 2010ರಲ್ಲಿ ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯವೊಂದರಲ್ಲಿ, ಶರೀರರಚನೆಯ ಅಧ್ಯಾಪಕರೊಬ್ಬರು ಎರಡು ವರ್ಷದ ಹಿಂದೆ ತೀರಿಕೊಂಡ ತಮ್ಮ ತಂದೆಯ ದೇಹವನ್ನು, ತಂದೆಯ ಇಚ್ಛೆಯನ್ನು ಶಿರಸಾವಹಿಸಿ, ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿ ಪಾಠ ಹೇಳಿದರು. ಸುಶ್ರುತನ ಪಂಜರದಿಂದ ಆ ಮೇಜಿನವರೆಗಿನ ದಾರಿಯನ್ನು ಕಲ್ಪಿಸಿಕೊಂಡಾಗ ನನಗೆ ಮೈ ಜುಮ್ಮೆನ್ನುತ್ತದೆ. ಕೊಟ್ಟವನ ಹೆಸರು ತಿಳಿದು, ಅವನಿಗೆ ಕೈಮುಗಿದು ಕಲಿಯುವ ವಿದ್ಯೆಗೆ ಬೇರೆಯೇ ತೇಜಸ್ಸುಂಟು.

ಕೊನೆಗೆ ಆಕೆ ಆರಿಸಿಕೊಂಡುದು ಮರಣೋತ್ತರ ಕಾಠಿನ್ಯದ ಕಾಲಪ್ರಮಾಣವನ್ನು. ಸಾವಿನ ಗಳಿಗೆಯು ನಿಶ್ಚಯವಾಗಿ ತಿಳಿದಿರುವ, ಮನೆಯವರು ಒಪ್ಪಿದ ದೇಹಗಳಲ್ಲಿ ಮಾತ್ರ, ದವಡೆಯಿಂದ ಪಾದದವರೆಗೆ ಬಿಗಿತವು ಬರುವ ಮತ್ತು ಬಿಡುವ ಹೊತ್ತನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳಲ್ಲಿ ಪ್ರತ್ಯೇಕವಾಗಿ ಅಳೆಯುವುದು. ಆ ದಿನದ ಗಾಳಿಯ ಉಷ್ಣತೆಯನ್ನೂ ತೇವವನ್ನೂ ಅದರ ಪಕ್ಕದಲ್ಲಿ ಬರೆಯುವುದು. ಅವಳ ಗೈಡ್ ಒಪ್ಪಿದರು. ಎಥಿಕ್ಸ್ ಕಮಿಟಿಯೂ ಒಪ್ಪಿತು. ಅದಕ್ಕೂ ಮುನ್ನ, ನಾವಿಬ್ಬರೂ ನಮ್ಮ ಹಳ್ಳಿಯಲ್ಲಿ ಅರುವತ್ತು ವರ್ಷಗಳಿಂದ ಹಿರಿಯರನ್ನು ಕೂಡಿಸುತ್ತ ಬಂದ ವೃದ್ಧರೊಬ್ಬರನ್ನು ಕಾಣಲು ಹೋದೆವು. ಎಷ್ಟು ಗಂಟೆಗೆ ಸೆಟೆಯುತ್ತದೆಂದು ಆಕೆ ಕೇಳಿದಾಗ ಅವರು ಗಂಟೆಯ ಲೆಕ್ಕವನ್ನು ಹೇಳಲಿಲ್ಲ. ಬ್ಯಾಸಿಗ್ಯಾಗಾದರೆ ಬೀಗರೂರಿಗೆ ಸುದ್ದಿ ಮುಟ್ಟುವುದರೊಳಗೆ, ಚಳಿಗಾಲದಲ್ಲಿ ಒಂದು ಭಜನಿ ಮುಗಿದು ಇನ್ನೊಂದು ಎದ್ದ ಮೇಲೆ, ಜ್ವರ ಬಂದು ಸತ್ತವರಿಗೆ ಬೇಗ, ಮೈಯಲ್ಲಿ ರಕ್ತವಿಲ್ಲದ ಮುದುಕರಿಗೆ ಸೆಟೆದರೂ ಲಗೂ ಸಡಿಲು ಎಂದು ಒಂದೊಂದನ್ನೇ ನೆನೆದು ಹೇಳಿದರು. ಆಕೆ ಎಲ್ಲವನ್ನೂ ಕನ್ನಡದಲ್ಲಿಯೇ ಬರೆದುಕೊಂಡಳು. ನಾವು ಏಳುವಾಗ ಅವರು ಅವಳ ಪುಸ್ತಕದ ಕಡೆಗೆ ಕೈ ತೋರಿಸಿ ಹೇಳಿದರು: “ಬರಿಯವ್ವಾ. ಖರೆ, ನಾ ಹೇಳಿದ್ದರಾಗ ತಪ್ಪಿದ್ರ ನೀ ಅಳದು ತಿದ್ದು.”